ಅನ್ನವಿಕ್ರಯ

ಬೇಯಿಸಿದ ಆಹಾರವನ್ನು ದುಡ್ಡಿಗೆ ಮಾರುವುದಕ್ಕೆ ಅನ್ನವಿಕ್ರಯ ಎಂದು ಹೆಸರು. ಧರ್ಮಶಾಸ್ತ್ರ ಇದನ್ನು ಒಪ್ಪಲಿಲ್ಲ. ಕಷ್ಟಕಾಲದಲ್ಲಿ ವ್ಯಾಪಾರಕ್ಕಿಳಿದ ಬ್ರಾಹ್ಮಣ ಮಾರಬಾರದ ಪದಾರ್ಥಗಳಲ್ಲಿ ಮನುಸ್ಮೃತಿಯ ಹತ್ತನೆಯ ಅಧ್ಯಾಯ ಎಳ್ಳು, ಉಪ್ಪು, ಹಾಲಿನ ಜತೆಗೆ ಬೆಂದ ಅನ್ನವನ್ನೂ ಸೇರಿಸುತ್ತದೆ. ಬೆಂದದ್ದನ್ನು ಕೊಟ್ಟು ಬೇಯದ ಧಾನ್ಯ ಪಡೆಯಲು ಮಾತ್ರ ಅಡ್ಡಿಯಿಲ್ಲ. ತಕರಾರು ಇದ್ದದ್ದು ಬೆಲೆ ಕಟ್ಟುವುದಕ್ಕೇ ಇರಬೇಕು. ಬೆಲೆ ಕಟ್ಟಿದ ಮೇಲೆ, ಬರಿಗೈಯಲ್ಲಿ ಬಾಗಿಲಿಗೆ ಬಂದ ಹಸಿದವನು ಅತಿಥಿಯೂ ಅಲ್ಲ, ಗಿರಾಕಿಯೂ ಅಲ್ಲ.

ವ್ಯಾಪಾರವನ್ನೇ ಕೀಳಾಗಿ ಕಂಡದ್ದರಿಂದ ಈ ಕಟ್ಟಳೆ ಬಂತೆನ್ನಲಾಗದು. ಹಾಸನದಿಂದ ಬೇಲೂರಿನ ಕಡೆಗೆ ಹೋಗುವಾಗ ಸಿಗುವ ದೊಡ್ಡಗದ್ದವಳ್ಳಿಯಲ್ಲಿ, ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ಗುಡಿಯನ್ನು ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕಟ್ಟಿಸಿದವರು ವರ್ತಕ ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ. ವ್ಯಾಪಾರದ ದುಡ್ಡು ದೇವಿಗೆ ಸಲ್ಲುತ್ತಿತ್ತು.

ಮನೆಗಳ ವಾಡಿಕೆಯಂತೂ ಶಾಸ್ತ್ರಕ್ಕಿಂತ ಸಡಿಲ. ಅನ್ನ ಮುಸುರೆ; ಅದನ್ನು ಮುಟ್ಟಿದ ಕೈ ತೊಳೆಯದೆ ಉಪ್ಪಿನಕಾಯಿ ಜಾಡಿಗೆ ಹೋಗುವಂತಿಲ್ಲ. (ಪಸೆ ತಾಕಿದ ಉಪ್ಪಿನಕಾಯಿಗೆ ಬೂಷ್ಟು ಬರುತ್ತದೆಂಬುದು ಬೇರೆ ಮಾತು.) ಹಪ್ಪಳ, ಸಂಡಿಗೆ, ಚಟ್ನಿಪುಡಿಗೆ ಅಷ್ಟು ಬಿಗಿಯಿಲ್ಲ. ಗಂಡನಿಲ್ಲದ ಎಷ್ಟೋ ಹೆಂಗಸರು ಹಪ್ಪಳ ಒತ್ತಿ ಮಕ್ಕಳನ್ನು ಓದಿಸಿದ್ದು ಈ ಸಂದಿನಲ್ಲೇ. ಅದನ್ನು ಅನ್ನವಿಕ್ರಯವೆಂದು ಯಾರೂ ಆಡಿಕೊಳ್ಳಲಿಲ್ಲ.

ಶಿವಭಕ್ತಿಯ ಕಥೆಗಳು ಇನ್ನೂ ಮುಂದೆ ಹೋದವು. ಮಧುರೆಯ ಮುದುಕಿ ಪಿಟ್ಟವ್ವೆ ಪಿಟ್ಟು ಮಾರಿ ಬದುಕುವವಳು. ವೈಗೈ ಹೊಳೆ ಉಕ್ಕಿ ಊರವರೆಲ್ಲ ದಂಡೆ ಕಟ್ಟಬೇಕಾದಾಗ ಅವಳ ಪಾಲಿನ ಮಣ್ಣು ಹೊರಲು ಶಿವನೇ ಕೂಲಿಯಾಳಾಗಿ ಬರುತ್ತಾನೆ. ಕೂಲಿ, ಉದುರಿ ಪುಡಿಯಾದ ಪಿಟ್ಟು. ಮಾರಾಟಕ್ಕಿಟ್ಟ ತಿಂಡಿಯೇ ಅಲ್ಲಿ ಪ್ರಸಾದ. ಆದರೂ ಗಳಿಕೆಗೆ ಮಿತಿಯೊಂದಿದೆ: ಚೆಲ್ಲಿದ ಅಕ್ಕಿ ಆಯ್ದು ಬದುಕುವ ಶರಣ ಆಯ್ದಕ್ಕಿ ಮಾರಯ್ಯ ಅಂದಿಗೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸುತ್ತಾಳೆ.

ಈಗಿನ ಕಟ್ಟಳೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯದು. ಲಾಭಕ್ಕೆ ಮಾಡಿದರೂ ಮಾಡದಿದ್ದರೂ ಅದರ ಕಣ್ಣಿಗೆ ಎರಡೂ ಆಹಾರದ ವ್ಯವಹಾರವೇ. ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ತಯಾರಕರಿಗೆ ಲೈಸೆನ್ಸ್ ಬೇಡ, 100 ರೂಪಾಯಿ ಕಟ್ಟಿ ನೋಂದಾಯಿಸಿಕೊಂಡರೆ ಸಾಕು ಎಂದ 2011ರ ನಿಯಮಾವಳಿ, ಧಾರ್ಮಿಕ ಸಮಾರಂಭಗಳಲ್ಲಿ ಊಟ ಹಂಚುವವರನ್ನೂ ಅದೇ ಪಂಕ್ತಿಯಲ್ಲಿ ಕೂರಿಸಿತು. ದಾನಕ್ಕೂ ವಿಕ್ರಯಕ್ಕೂ ನಡುವೆ ಶಾಸ್ತ್ರ ಎಳೆದಿದ್ದ ಗೆರೆ ಇಲ್ಲಿ ಅಳಿಸಿಹೋಗಿದೆ.

ಉಗುರು ಕತ್ತರಿಸಿರಬೇಕು, ನೀರು ಕುಡಿಯಲು ಯೋಗ್ಯವಾಗಿರಬೇಕು, ಅಂಟುರೋಗವಿದ್ದವರು ಅಡುಗೆ ಮುಟ್ಟಬಾರದು: ನಿಯಮಗಳನ್ನು ಓದಿದರೆ ಮಡಿಯ ನೆನಪಾಗದೆ ಇರದು. ಆದರೆ ಅಡುಗೆ ಮಾಡಿದವರು ಯಾರೆಂದು ಮಡಿ ಕೇಳಿದ್ದು ಜಾತಿ ತಿಳಿಯಲು. ಪೊಟ್ಟಣದ ಲೇಬಲ್ಲು ಅದೇ ಪ್ರಶ್ನೆಗೆ ಹೆಸರು, ವಿಳಾಸ, ತಯಾರಿಸಿದ ದಿನ ಮತ್ತು 14 ಅಂಕಿಯ ನೋಂದಣಿ ಸಂಖ್ಯೆಯಿಂದ ಉತ್ತರ ಕೊಡುತ್ತದೆ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ಗರ್ಭಗುಡಿಯಲ್ಲಿಟ್ಟ ನೈವೇದ್ಯ ವರ್ಷ ಕಳೆದರೂ ಹಳಸದೆಂಬುದು ಭಕ್ತರ ನಂಬಿಕೆ. ಮಾರಾಟಕ್ಕಿಟ್ಟ ಮನೆಯ ಚಕ್ಕುಲಿಗೆ ಆ ರಿಯಾಯಿತಿ ಇಲ್ಲ; ಅದರ ಪೊಟ್ಟಣದ ಮೇಲೆ ದಿನ ಇರಲೇಬೇಕು.

ಬರಿಗೈಯಲ್ಲಿ ಬಂದವನ ವಿಚಾರ ಮಾತ್ರ ಕಾಯ್ದೆಯಲ್ಲಿಲ್ಲ. ಹಪ್ಪಳ ಮಾರುವ ಮನೆಯಲ್ಲೂ ಊಟದ ಹೊತ್ತಿಗೆ ಬಂದವರಿಗೆ ಎಲೆ ಹಾಕುತ್ತಾರೆ. ಆ ಊಟ ಯಾವ ಲೆಕ್ಕದ ಪುಸ್ತಕಕ್ಕೂ ಹತ್ತುವುದಿಲ್ಲ.