ಆಯುಸ್ಸೂ ಬೆಳಕೂ

ಹಿರಿಯರು ಕಿರಿಯರನ್ನು ಹರಸುವಾಗ ಮೊದಲು ನುಡಿಯುವುದು ‘ದೀರ್ಘಾಯುಷ್ಯವಾಗಲಿ’ ಎಂಬ ಮಾತನ್ನು. ಅದು ಸಹಜವೂ ಹೌದು, ಉಚಿತವೂ ಹೌದು. ಆದರೆ ಆಯುಸ್ಸಿನ ದೀರ್ಘತೆಯೇ ಬಾಳಿನ ಸಾರ್ಥಕ್ಯಕ್ಕೆ ಅಳತೆಯೆಂದು ಬಗೆದರೆ, ಎಳೆಯ ವಯಸ್ಸಿನಲ್ಲಿ ಅಳಿದವರ ಬಾಳು ವ್ಯರ್ಥವೆನ್ನಬೇಕಾಗುವುದು. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಹಾಗೆನ್ನಲು ಯಾರ ನಾಲಗೆ ಏಳುವುದು? ಈ ಪ್ರಶ್ನೆಯನ್ನು ಹೊತ್ತು ಆಕಾಶದತ್ತ ಕಣ್ಣೆತ್ತಿದರೆ ವಿಚಾರಯೋಗ್ಯವಾದ ನಿದರ್ಶನವೊಂದು ದೊರೆಯುತ್ತದೆ.

ನಕ್ಷತ್ರಗಳಿಗೂ ಹುಟ್ಟುಸಾವುಗಳುಂಟು. ಅನಿಲ ಧೂಳುಗಳ ಮೇಘವು ತನ್ನ ಭಾರದಿಂದಲೇ ಕುಸಿದು ಕಾದಾಗ ನಕ್ಷತ್ರವು ಜನಿಸುತ್ತದೆ. ಅದರ ಗರ್ಭದಲ್ಲಿ ಜಲಜನಕವು ಹೀಲಿಯಂ ಆಗಿ ಮಾರ್ಪಡುತ್ತಿರುವವರೆಗೆ ಅದು ಸ್ಥಿರವಾಗಿ ಬೆಳಗುತ್ತದೆ. ಇಂಧನ ಹೆಚ್ಚಿದ್ದರೆ ಆಯುಸ್ಸೂ ಹೆಚ್ಚೆಂದು ತೋರಬಹುದು. ನಡೆಯುವುದು ಅದಕ್ಕೆ ವಿಪರೀತ. ದ್ರವ್ಯ ಹೆಚ್ಚಿದಷ್ಟೂ ಒಳಗಿನ ಒತ್ತಡವೂ ತಾಪವೂ ಹೆಚ್ಚಿ, ಇಂಧನವು ಅತಿವೇಗದಿಂದ ತೀರುತ್ತದೆ.

ಪ್ರಾಕ್ಸಿಮಾ ಸೆಂಟಾರಿ ಎಂಬ ಕೆಂಪು ಕುಬ್ಜತಾರೆಯಲ್ಲಿರುವ ದ್ರವ್ಯ ಸೂರ್ಯನದರ ಎಂಟನೆಯ ಒಂದು ಪಾಲಿನಷ್ಟು. ಸೂರ್ಯನನ್ನು ಬಿಟ್ಟರೆ ಅದೇ ಭೂಮಿಗೆ ಅತಿ ಸಮೀಪದ ನಕ್ಷತ್ರವಾದರೂ ಬರಿಗಣ್ಣಿಗೆ ಕಾಣದು. ಅದರ ಆಯುಸ್ಸಾದರೋ ಕೆಲವು ಲಕ್ಷ ಕೋಟಿ ವರ್ಷಗಳು. ವಿಶ್ವದ ವಯಸ್ಸೇ ಸುಮಾರು ೧,೩೮೦ ಕೋಟಿ ವರ್ಷವಾದುದರಿಂದ, ಇಂತಹ ತಾರೆಗಳಲ್ಲಿ ಒಂದೂ ಮುಪ್ಪಿನಿಂದ ಅಳಿದಿಲ್ಲ. ಸೂರ್ಯನ ಸ್ಥಿರಕಾಲ ಸುಮಾರು ೧,೦೦೦ ಕೋಟಿ ವರ್ಷ. ಅದರಲ್ಲಿ ೪೬೦ ಕೋಟಿ ಕಳೆದಿದೆ. ಬಳಿಕ ಅವನು ಕೆಂಪು ದೈತ್ಯನಾಗಿ ಉಬ್ಬಿ, ಹೊರಕವಚವನ್ನು ಕಳಚಿ, ಭೂಮಿಯಷ್ಟು ಗಾತ್ರದ ಶ್ವೇತಕುಬ್ಜನಾಗಿ ಉಳಿಯುವನು. ಸೂರ್ಯನಿಗಿಂತ ಹತ್ತುಮಡಿಗೂ ಮಿಕ್ಕ ದ್ರವ್ಯವುಳ್ಳ ಆರ್ದ್ರಾ ನಕ್ಷತ್ರವಾದರೋ ಸುಮಾರು ಒಂದು ಕೋಟಿ ವರ್ಷಕ್ಕೇ ಮುಪ್ಪಿಗೆ ಸಂದಿದೆ. ಅದರ ಅಂತ್ಯ ಮಹಾಸ್ಫೋಟದಲ್ಲಿ. ಅಂತಹ ಒಂದು ಸ್ಫೋಟದ ಬೆಳಕು ಕ್ರಿ.ಶ. ೧೦೫೪ರಲ್ಲಿ ವೃಷಭರಾಶಿಯಲ್ಲಿ ತೋರಿ, ೨೩ ದಿನ ಹಗಲಿನಲ್ಲಿಯೂ ಕಾಣಿಸಿತೆಂದು ಚೀನಾದ ಜ್ಯೋತಿರ್ವಿದರು ಬರೆದಿಟ್ಟರು.

ಆ ಅಲ್ಪಾಯುಗಳ ಸಾವು ಬರಿಯ ನಾಶವಲ್ಲ. ಜೀವಿಗಳು ಉಸಿರಾಡುವ ಆಮ್ಲಜನಕದ ಬಹುಭಾಗವು ಇಂತಹ ಬೃಹತ್ತಾರೆಗಳ ಗರ್ಭದಲ್ಲಿಯೇ ಸಿದ್ಧವಾಗಿ, ಸ್ಫೋಟದಿಂದ ಚೆದರಿ, ಹೊಸ ಮೇಘಗಳನ್ನು ಸೇರಿದುದು. ಅವು ಅಳಿಯದಿದ್ದರೆ ಭೂಮಿಯಲ್ಲಿ ಹನಿ ನೀರೂ ಇರುತ್ತಿರಲಿಲ್ಲ. ಹಾಗೆಂದು ದೀರ್ಘಾಯುವನ್ನು ಹೀಗಳೆಯಲಾಗದು. ಸೂರ್ಯನು ಕೋಟ್ಯಂತರ ವರ್ಷ ತಾಳ್ಮೆಯಿಂದ ಬೆಳಗಿದುದರಿಂದಲೇ ಆ ನೀರಿನಲ್ಲಿ ಜೀವವು ಬೆಳೆಯಲು ಅವಕಾಶವಾಯಿತು.

ಆದರೂ ಒಂದು ಭೇದವನ್ನು ಮರೆಯಬಾರದು. ತಾರೆಗೆ ಇಚ್ಛೆಯಿಲ್ಲ, ಅದು ಅರಿತು ಕೊಡುವುದಲ್ಲ. ಮನುಷ್ಯನಿಗೆ ಅರಿವುಂಟು. ಆದುದರಿಂದ ದೇಹವನ್ನು ಕಡೆಗಣಿಸಿ ಬೇಗ ಉರಿದುಹೋಗುವುದು ಅವನಿಗೆ ಹಿರಿಮೆಯಲ್ಲ. ಬಾಳಿದಷ್ಟೂ ಕಾಲ ತನಗಾಗಿಯೇ ಕೂಡಿಟ್ಟು ಬದುಕುವುದೂ ಹಿರಿಮೆಯಲ್ಲ. ಕಾಲದ ಪ್ರಮಾಣ ಅವನ ವಶದಲ್ಲಿಲ್ಲ; ದೊರೆತ ಕಾಲದಲ್ಲಿ ಪರರಿಗೆ ಬೆಳಕಾಗುವುದು ಬಹುಮಟ್ಟಿಗೆ ಅವನ ವಶದಲ್ಲಿದೆ. ಮಗನನ್ನು ಕಳೆದುಕೊಂಡ ತಾಯಿಗೆ ಈ ವಿಚಾರದಿಂದ ದುಃಖ ನೀಗಲಾರದು. ಆದರೆ ಅವನು ಬಾಳಿದ ಕೆಲವೇ ವರ್ಷಗಳು ವ್ಯರ್ಥವಾದುವೆಂಬ ಮಾತನ್ನು ಆಕೆ ನಂಬಬೇಕಾಗಿಲ್ಲ.