ಐದನೆಯ ಕಾರಣ

ಯಾವ ಕರ್ಮವೇ ಆಗಲಿ, ಅದು ಸಿದ್ಧಿಸಬೇಕಾದರೆ ಅಧಿಷ್ಠಾನ, ಕರ್ತೃ, ಕರಣಗಳು, ನಾನಾ ವಿಧವಾದ ಚೇಷ್ಟೆಗಳು, ದೈವ ಎಂಬ ಐದು ಕಾರಣಗಳು ಕೂಡಿಬರಬೇಕೆಂದು ಗೀತೆಯ ಹದಿನೆಂಟನೆಯ ಅಧ್ಯಾಯವು ಹೇಳುತ್ತದೆ. ಇವುಗಳಲ್ಲಿ ಮೊದಲ ನಾಲ್ಕು ಹೆಚ್ಚುಕಡಿಮೆ ಮನುಷ್ಯನ ಕೈಗೆಟುಕತಕ್ಕವು: ದೇಹವನ್ನು ಪಳಗಿಸಬಹುದು, ಸಾಧನಗಳನ್ನು ಒದಗಿಸಿಕೊಳ್ಳಬಹುದು, ಪ್ರಯತ್ನವನ್ನು ಹೆಚ್ಚಿಸಬಹುದು. ಐದನೆಯದು ಹಾಗಲ್ಲ. ಅದು ತನ್ನ ಅಂಕೆಗೆ ಸಿಕ್ಕುವುದಲ್ಲವೆಂದು ಬಲ್ಲವನು ತಿಂಗಳುಗಟ್ಟಲೆ ಕುಳಿತು ಯೋಜನೆ ಹಾಕಿ, ಅಭ್ಯಾಸ ಮಾಡಿ, ಗಂಟುಮೂಟೆ ಕಟ್ಟುವುದಕ್ಕೆ ಏನು ಅರ್ಥ? ಪರ್ವತಗಳ ಕಾಲುದಾರಿಯಲ್ಲಿ ಹಗಲಿರುಳೆನ್ನದೆ ನೂರು, ನೂರೈವತ್ತು ಕಿಲೋಮೀಟರು ಓಡಹೊರಡುವವರ ಪಾಲಿಗೆ ಇದು ಬರಿಯ ಶಾಸ್ತ್ರಪ್ರಶ್ನೆಯಲ್ಲ.

ಫ್ರಾನ್ಸಿನ ಶಮೊನಿ ಪಟ್ಟಣದಿಂದ ಹೊರಟು, ಇಟಲಿ ಸ್ವಿಟ್ಜರ್ಲೆಂಡುಗಳನ್ನು ಹಾದು, ಮಾಂಟ್ ಬ್ಲಾಂಕ್ ಪರ್ವತಸಮೂಹಕ್ಕೆ ಒಂದು ಪ್ರದಕ್ಷಿಣೆ ಬಂದು ಮತ್ತೆ ಶಮೊನಿಯನ್ನೇ ಸೇರುವ ಓಟವೊಂದು 2003ರಲ್ಲಿ ಆರಂಭವಾಯಿತು. ದೂರ ಇಂದಿನ ಲೆಕ್ಕದಲ್ಲಿ ಸುಮಾರು 170 ಕಿಲೋಮೀಟರು. ದಾರಿಯುದ್ದಕ್ಕೂ ಏರಬೇಕಾದ ಎತ್ತರವನ್ನೆಲ್ಲ ಕೂಡಿಸಿದರೆ ಸುಮಾರು 10,000 ಮೀಟರು. ಮೊದಲ ವರ್ಷ ಏಳುನೂರಕ್ಕೂ ಮಿಕ್ಕಿ ಜನ ಹೊರಟರು. ಗುರಿ ಮುಟ್ಟಿದವರು 67 ಮಂದಿ. ಎಲ್ಲರಿಗಿಂತ ಮುಂದಾಗಿ ಬಂದವನು ನೇಪಾಳದ ದಾವಾ ಶೆರ್ಪಾ.

ಇಂಥ ಓಟಕ್ಕೆ ಅಣಿಯಾಗುವುದೆಂದರೆ ಬೆಟ್ಟ ಹತ್ತುವುದನ್ನು ಕಲಿಯುವುದೆಂದೇ ಹೊರಗಿನವರ ಭಾವನೆ. ಏರು ಉಸಿರನ್ನು ಪರೀಕ್ಷಿಸುವುದು ನಿಜ. ಆದರೆ ಕಾಲನ್ನು ಸೋಲಿಸುವುದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯುಗಳು ದೇಹದ ಭಾರವನ್ನು ತಡೆಹಿಡಿಯುತ್ತಲೇ ಹಿಗ್ಗಬೇಕಾಗುವುದರಿಂದ ಅವುಗಳ ತಂತುಗಳಲ್ಲಿ ಕಣ್ಣಿಗೆ ಕಾಣದ ಹರಕುಗಳುಂಟಾಗಿ, ಅಭ್ಯಾಸವಿಲ್ಲದವನಿಗೆ ಮರುದಿನ ಮನೆಯ ಮೆಟ್ಟಿಲಿಳಿಯುವುದೂ ಯಾತನೆಯಾಗುತ್ತದೆ. ಆದರೆ ಒಮ್ಮೆ ಹೀಗೆ ನೊಂದು ಚೇತರಿಸಿಕೊಂಡ ಸ್ನಾಯುವು ಮುಂದಿನ ಕೆಲವು ವಾರಗಳ ಕಾಲ ಅಂಥದೇ ಇಳಿತವನ್ನು ಬಹುಮಟ್ಟಿಗೆ ತಾಳಿಕೊಳ್ಳಬಲ್ಲುದು; ಮಿತವಾದ ನೋವನ್ನು ತಾನಾಗಿ ಮೊದಲೇ ಅನುಭವಿಸಿದ ದೇಹಕ್ಕೆ ಪ್ರಕೃತಿಯು ಕೊಟ್ಟಿರುವ ವರವಿದು. ಜಠರಕ್ಕೂ ಇಂಥದೇ ಶಿಕ್ಷಣ ಬೇಕು. ಓಡುವಾಗ ರಕ್ತವು ಹೊಟ್ಟೆಯನ್ನು ಬಿಟ್ಟು ಕಾಲುಗಳತ್ತ ಹರಿಯುತ್ತದೆ. ಮೈಯಲ್ಲಿ ಕೂಡಿಟ್ಟ ಶರ್ಕರವೋ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಆದುದರಿಂದ ಓಡುತ್ತ ಓಡುತ್ತಲೇ ಉಣ್ಣುವುದನ್ನು ಕಲಿಯದವನು ಎಷ್ಟು ಬಲಶಾಲಿಯಾದರೂ ನಡುದಾರಿಯಲ್ಲಿ ಕುಸಿಯುತ್ತಾನೆ. ನೀರು ಕಡಮೆಯಾದರೆ ಅಪಾಯ. ಉಪ್ಪಿಲ್ಲದೆ ಅತಿಯಾಗಿ ಕುಡಿದರೂ ಅಪಾಯ. ಇಷ್ಟೆಲ್ಲ ಆದಮೇಲೆ ಕೊನೆಯ ಎರಡು ಮೂರು ವಾರಗಳಲ್ಲಿ ಓಟವನ್ನು ತಗ್ಗಿಸಿ ಸುಮ್ಮನಿರಬೇಕು. ಎಲ್ಲಕ್ಕಿಂತ ಕಷ್ಟವಾದದ್ದು ಇದೇ ಎಂದು ಓಟಗಾರರು ಹೇಳುತ್ತಾರೆ. ಅದು ಸಹಜ, ಕರ್ತೃತ್ವದ ಅಭಿಮಾನಕ್ಕೆ ಕರ್ಮ ಮಾಡುವುದಕ್ಕಿಂತಲೂ ಕರ್ಮ ಬಿಡುವುದು ದುಸ್ಸಹ.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಅವರು ಬೆನ್ನಿಗೇರಿಸುವ ಚೀಲ. ಮಾಂಟ್ ಬ್ಲಾಂಕಿನ ನಿಯಮದಂತೆ ಅದರಲ್ಲಿ ಮಳೆಗೆ ನೆನೆಯದ ಮೇಲಂಗಿ, ಬೆಚ್ಚನೆಯ ಇನ್ನೊಂದು ಉಡುಪು, ಕೈಗವಸು, ಹಣೆದೀಪ, ಅದಕ್ಕೆ ಬದಲಿ ಬ್ಯಾಟರಿ, ಸೀಟಿ, ಮೈಯ ಶಾಖವನ್ನು ಕಾಪಾಡುವ ತೆಳ್ಳನೆಯ ಹೊದಿಕೆ, ಗಾಯಕ್ಕೆ ಕಟ್ಟುವ ಪಟ್ಟಿ, ಒಂದು ಲೀಟರು ನೀರು, ಮಿಗಿಲಾದ ಆಹಾರ ಇವೆಲ್ಲ ಇರಲೇಬೇಕು. ಹಗುರವಾಗಿ ಓಡಬೇಕೆಂಬುದೇ ಓಟಗಾರನ ಆಸೆ. ಆದರೂ ಆತನು ಹೊರುವ ಭಾರದಲ್ಲಿ ಬಹುಭಾಗ, ಬಳಸುವ ಸಂದರ್ಭವೇ ಬಾರದಿರಲೆಂದು ಹಾರೈಸಿಕೊಂಡು ಹೊರುವಂಥದು. ಇದು ದೈವದ ಸತ್ಯತ್ವವನ್ನು ಮೈಮೇಲೆ ಹೊತ್ತು ಒಪ್ಪಿಕೊಳ್ಳುವ ರೀತಿಯಲ್ಲದೆ ಮತ್ತೇನು? ದೈವವನ್ನು ನಂಬಿದ್ದೇನೆಂದು ಹೇಳಿ ಬರಿಗೈಯಲ್ಲಿ ಹೊರಡುವವನು ನಿಜವಾಗಿ ನಂಬಿರುವುದು ತನ್ನ ಅದೃಷ್ಟವನ್ನು ಮಾತ್ರ. ಬಿರುಗಾಳಿ ಬಂದೀತು, ಕಾಲು ಉಳುಕೀತು, ಕತ್ತಲೆಯಲ್ಲಿ ದಾರಿ ತಪ್ಪೀತು ಎಂದು ಒಂದೊಂದಾಗಿ ನೆನೆದು ಒಂದೊಂದು ವಸ್ತುವನ್ನು ಚೀಲಕ್ಕೆ ತುಂಬುವವನು ತನ್ನ ಮಿತಿಯನ್ನು ಬಲ್ಲವನು; ಆತನ ಸಿದ್ಧತೆಯನ್ನು ನಾನು ಒಂದು ಬಗೆಯ ಉಪಾಸನೆಯೆಂದೇ ಎಣಿಸುತ್ತೇನೆ.

ಹಿಂತಿರುಗುವ ಸಿದ್ಧತೆಯೂ ಇದರಲ್ಲಿ ಅಡಕವಾಗಿದೆ. 2010ರಲ್ಲಿ ಮಳೆಗಾಳಿಯ ದೆಸೆಯಿಂದ ಆ ಓಟವನ್ನು ಆರಂಭವಾದ ಕೆಲವೇ ಗಂಟೆಗಳಲ್ಲಿ ನಿಲ್ಲಿಸಿದರು. 2012ರಲ್ಲಿ ಎತ್ತರದ ಕಣಿವೆದಾರಿಗಳಲ್ಲಿ ಹಿಮ ಬಿದ್ದುದರಿಂದ ದೂರವನ್ನು ಸುಮಾರು ನೂರು ಕಿಲೋಮೀಟರಿಗೆ ಇಳಿಸಿದರು. ವರ್ಷವೆಲ್ಲ ದುಡಿದು ಬಂದವರಿಗೆ ಆದ ವ್ಯಥೆ ಸಣ್ಣದಲ್ಲ. ಹಾಗಾದರೆ ಸಂಕಲ್ಪಕ್ಕೆ ಬೆಲೆಯಿಲ್ಲವೇ, ಪ್ರಾಣ ಹೋದರೂ ಬಿಡೆನೆಂಬ ವ್ರತನಿಷ್ಠೆ ಹಿರಿದಲ್ಲವೇ ಎಂದು ಕೇಳುವವರುಂಟು. ಅವರು ಜಪಾನಿನ ಹಿಯೇ ಪರ್ವತದ ಭಿಕ್ಷುಗಳನ್ನು ದೃಷ್ಟಾಂತವಾಗಿ ತೋರಿಸಬಹುದು.

ಕ್ಯೋಟೊ ನಗರದ ಈಶಾನ್ಯಕ್ಕಿರುವ ಆ ಪರ್ವತದಲ್ಲಿ ತೆಂದಾಯ್ ಪಂಥದ ಕೆಲವೇ ಭಿಕ್ಷುಗಳು ಏಳು ವರ್ಷಗಳಲ್ಲಿ ಹರಡಿದ ಸಾವಿರ ದಿನಗಳ ಪ್ರದಕ್ಷಿಣವ್ರತವನ್ನು ಆಚರಿಸುತ್ತಾರೆ. ನಡುರಾತ್ರಿ ಕಳೆದೊಡನೆ ಎದ್ದು, ಹುಲ್ಲಿನ ಪಾದರಕ್ಷೆ ಮೆಟ್ಟಿ, ದಿನಕ್ಕೆ ಸುಮಾರು 30 ಕಿಲೋಮೀಟರು ನಡೆದು, ದಾರಿಯಲ್ಲಿ ಇನ್ನೂರೈವತ್ತಕ್ಕೂ ಮಿಕ್ಕ ಸ್ಥಳಗಳಲ್ಲಿ ನಿಂತು ಪ್ರಾರ್ಥಿಸುತ್ತಾರೆ. ಆರನೆಯ ವರ್ಷ ಈ ದೂರ 60ಕ್ಕೂ, ಏಳನೆಯ ವರ್ಷದ ಮೊದಲ ನೂರು ದಿನ 84ಕ್ಕೂ ಏರುತ್ತದೆ. ಏಳುನೂರು ದಿನಗಳಾದ ಮೇಲೆ ಒಂಬತ್ತು ದಿನ ಅನ್ನ, ನೀರು, ನಿದ್ರೆಗಳನ್ನು ತೊರೆದು ಅಚಲದೇವನ ಮಂತ್ರವನ್ನು ಜಪಿಸಬೇಕು. ಪ್ರತಿ ರಾತ್ರಿ ಬಾವಿಗೆ ಹೋಗಿ, ತಾನು ಕುಡಿಯಲಾಗದ ನೀರನ್ನು ಹೊತ್ತು ತಂದು ದೇವನಿಗೆ ಅರ್ಪಿಸಬೇಕು. ಮೈಮೇಲೆ ಶವಕ್ಕೆ ಉಡಿಸುವ ಬಿಳಿಯ ಬಟ್ಟೆ. ಸೊಂಟದಲ್ಲಿ ಹಗ್ಗ ಮತ್ತು ಕತ್ತಿ, ವ್ರತಭಂಗವಾದರೆ ಪ್ರಾಣವನ್ನು ಬಿಡಲು. ಯೂಸಾಯ್ ಸಕಾಯ್ ಎಂಬಾತನು ಈ ವ್ರತವನ್ನು 1980ರಲ್ಲಿ ಒಮ್ಮೆ, 1987ರಲ್ಲಿ ಮತ್ತೊಮ್ಮೆ ಪೂರೈಸಿದನು.

ಇದರ ಮುಂದೆ ತಲೆಬಾಗದಿರುವುದು ಸಾಧ್ಯವಿಲ್ಲ. ಆದರೆ ಇಲ್ಲಿ ಗಮನಿಸಬೇಕಾದುದೊಂದುಂಟು. ಹಿಂತಿರುಗಬಾರದೆಂಬ ಕಟ್ಟು ಮೊದಲ ದಿನವೇ ಬೀಳುವುದಿಲ್ಲ. ಮೊದಲ ನೂರು ದಿನಗಳ ವ್ರತವು ಪರೀಕ್ಷೆಯ ಕಾಲ, ಅದರಲ್ಲಿ ಬಿಟ್ಟುಹೋಗುವ ಅವಕಾಶವಿದೆ. ಅದಾದಮೇಲೂ ದೂರವು ಏರುವುದು ಕೊನೆಯ ವರ್ಷಗಳಲ್ಲಿ ಮಾತ್ರ; ಅಲ್ಲದೆ, ನಡೆಯುವ ದಾರಿಯು ಶತಮಾನಗಳಿಂದ ಹಿರಿಯರು ತುಳಿದು ತಿಳಿದದ್ದು. ಎಂದರೆ ಆ ಕತ್ತಿಯ ಹಿಂದೆ ಅಗಾಧವಾದ ಸಿದ್ಧತೆಯೊಂದಿದೆ. ಆ ಸಿದ್ಧತೆಯನ್ನು ಬಿಟ್ಟು ಕತ್ತಿಯನ್ನಷ್ಟೇ ಎರವಲು ತರುವವನದು ತಪಸ್ಸಲ್ಲ. ಮೂಢವಾದ ಹಟದಿಂದ ತನ್ನನ್ನು ಪೀಡಿಸಿಕೊಂಡು ಮಾಡುವ ತಪಸ್ಸನ್ನು ಗೀತೆಯು ತಾಮಸವೆಂದೇ ಕರೆದಿದೆ.

ಚೀನದ ಗಾನ್ಸು ಪ್ರಾಂತದಲ್ಲಿ 2021ರ ಮೇ 22ರಂದು ನಡೆದ ನೂರು ಕಿಲೋಮೀಟರಿನ ಓಟವನ್ನು ನೆನೆದರೆ ಎದೆ ಭಾರವಾಗುತ್ತದೆ. 172 ಮಂದಿ ಹೊರಟಿದ್ದರು. ವಾಹನ ಹೋಗಲಾಗದ ಕಡಿದಾದ ಏರಿನಲ್ಲಿರುವಾಗ ಆಲಿಕಲ್ಲು, ಮಳೆ, ಬಿರುಗಾಳಿಗಳು ಒಮ್ಮೆಲೇ ಎರಗಿದವು; ಗಾಳಿಯನ್ನು ತಡೆಯುವ ಮೇಲಂಗಿಯನ್ನು ಆ ಓಟದ ನಿಯಮಗಳು ಕಡ್ಡಾಯ ಮಾಡಿರಲಿಲ್ಲ; 21 ಮಂದಿ ಪ್ರಾಣ ಬಿಟ್ಟರು. ಸತ್ತವರಲ್ಲಿ ಆ ದೇಶದ ಹೆಸರಾಂತ ಓಟಗಾರ ಲಿಯಾಂಗ್ ಜಿಂಗ್ ಒಬ್ಬನು. ಅಭ್ಯಾಸದಲ್ಲಾಗಲಿ ದೇಹಬಲದಲ್ಲಾಗಲಿ ಅವನಿಗೆ ಕೊರತೆಯಿರಲಿಲ್ಲ. ಅದೇ ಬೆಟ್ಟದಲ್ಲಿ ಕುರಿ ಮೇಯಿಸುತ್ತಿದ್ದವನೊಬ್ಬನು, ಇಂಥ ಆಪತ್ಕಾಲಕ್ಕೆಂದು ಗುಹೆಯೊಂದರಲ್ಲಿ ಬಟ್ಟೆಬರೆಯನ್ನೂ ಆಹಾರವನ್ನೂ ಕೂಡಿಟ್ಟಿದ್ದನು. ಚಳಿಗೆ ಮರಗಟ್ಟಿದ್ದ ಓಟಗಾರರನ್ನು ಆ ಗುಹೆಗೆ ಕರೆತಂದು, ಬೆಂಕಿ ಹಾಕಿ, ಆರು ಮಂದಿಯನ್ನು ಉಳಿಸಿದನು.

ಆ ಕುರುಬನಿಗೆ ಗೆಲ್ಲಬೇಕಾದ ಪಂದ್ಯವಿರಲಿಲ್ಲ, ಯಾರನ್ನು ಉಳಿಸಬೇಕಾದೀತೆಂಬ ಕಲ್ಪನೆಯೂ ಇರಲಿಲ್ಲ. ಅವನ ಪಾಲಿಗೆ ಕೇವಲ ಪುರುಷಪ್ರಯತ್ನವಾಗಿದ್ದುದು ಆ ಆರು ಮಂದಿಯ ಪಾಲಿಗೆ ದೈವವಾಗಿ ಬಂದಿತು. ಹೀಗೆ ನೋಡಿದರೆ ನಾಲ್ಕು ಕಾರಣಗಳಿಗೂ ಐದನೆಯದಕ್ಕೂ ನಡುವಿನ ಗೆರೆಯನ್ನು ನಾವು ಎಣಿಸಿದಷ್ಟು ಸುಲಭವಾಗಿ ಎಳೆಯಲಾಗುವುದಿಲ್ಲ. ಒಬ್ಬನ ದೈವದಲ್ಲಿ ಮತ್ತೊಬ್ಬನ ಎಚ್ಚರವೂ ಅಲಕ್ಷ್ಯವೂ ಸೇರಿಕೊಂಡಿರುತ್ತವೆ. ಗಾಳಿಮಳೆ ಮನುಷ್ಯನ ಮಾತು ಕೇಳದಿರಬಹುದು. ಆದರೆ ಹವೆಯ ಮುನ್ಸೂಚನೆಯನ್ನು ಓದುವವನು, ಯಾವ ತಿರುವಿನಲ್ಲಿ ಬಿಸಿನೀರು ಕಂಬಳಿಗಳಿರಬೇಕೆಂದು ಗೊತ್ತುಮಾಡುವವನು, ಓಟವನ್ನು ನಿಲ್ಲಿಸಿರೆಂದು ಹೇಳುವ ಅಧಿಕಾರವುಳ್ಳವನು, ಇವರೆಲ್ಲರೂ ಮನುಷ್ಯರೇ. ಓಟಗಾರನು ತನ್ನ ಚೀಲವನ್ನು ಕಟ್ಟಿಕೊಳ್ಳುವುದಕ್ಕೆ ಎಷ್ಟೋ ಮುಂಚೆಯೇ ಇವರ ಸಿದ್ಧತೆ ಮುಗಿದಿರಬೇಕು. ಪಂದ್ಯವನ್ನು ಏರ್ಪಡಿಸುವವರು ಅದನ್ನು ಉಪಚಾರದ ಮಾತೆಂದು ಬಗೆಯದೆ ತಮ್ಮ ಮೇಲಿನ ಋಣವೆಂದು ಬಗೆಯಬೇಕೆಂದು ನಾನು ಅವರನ್ನು ಬೇಡುತ್ತೇನೆ.