ಆ ಅರ್ಧ ಅಂಗುಲ

ಬಳೆಯನ್ನು ಚೌಕದ ಪೆಟ್ಟಿಗೆಯಲ್ಲಿಟ್ಟರೆ ನಾಲ್ಕೂ ಮೂಲೆ ಪೋಲು. ಒಡವೆಗಳಲ್ಲಿ ನೆಟ್ಟಗಿರುವುದಾದರೂ ಯಾವುದಿದೆ? ಓಲೆ, ಜುಮುಕಿ, ಕಾಸಿನ ಸರ, ಡಾಬು, ಕಾಲುಂಗುರ, ಎಲ್ಲವೂ ಮೈಯ ತಿರುವಿಗೆ ಒಗ್ಗಲೆಂದೇ ಬಾಗಿದವು. ಅಕ್ಕನ ಮಗಳ ಬಳೆಗಳಿಗೆಂದು ಪೆಟ್ಟಿಗೆಯ ನಕ್ಷೆ ಬರೆಯಲು ಕೂತಾಗ ಗೆರೆ ತಾನಾಗಿಯೇ ಅಂಡಾಕಾರಕ್ಕೆ ಹೊರಳಿತು. ಬಳೆ ಅಂಗಡಿಯ ಲೆಕ್ಕದಲ್ಲಿ ಅವಳದು ಎರಡೂ ಆರು. ಅಂದರೆ ಬಳೆಯ ಒಳ ಅಡ್ಡಳತೆ ಎರಡು ಅಂಗುಲ, ಮೇಲೆ ಅಂಗುಲದ ಹದಿನಾರರಲ್ಲಿ ಆರು ಪಾಲು. ಒಂದು ತುದಿಗೆ ಬಳೆ, ಇನ್ನೊಂದು ತುದಿಗೆ ಓಲೆ, ಸುತ್ತ 2 ಮಿ.ಮೀ. ದಪ್ಪದ ಆ್ಯಶ್ ಮರದ ಒಂದೇ ಪಟ್ಟಿಯ ಗೋಡೆ. ಪಟ್ಟಿ ಎಷ್ಟು ಉದ್ದ ಬೇಕೆಂದು ಲೆಕ್ಕ ಹಾಕುವಾಗ ಬೆರಗು ಹಿಡಿಯಿತು.

ಗೋಡೆಯ ಹೊರಸುತ್ತು ಒಳಸುತ್ತಿಗಿಂತ ಉದ್ದ ಇರಲೇಬೇಕು. ಎಷ್ಟು? ದಪ್ಪವನ್ನು ಎರಡು ಪೈಯಿಂದ ಗುಣಿಸಿದಷ್ಟು. 2 ಮಿ.ಮೀ. ಪಟ್ಟಿಗೆ ಸುಮಾರು 12.5 ಮಿ.ಮೀ., ಹೆಚ್ಚುಕಡಿಮೆ ಅರ್ಧ ಅಂಗುಲ. ಈ ಲೆಕ್ಕದಲ್ಲಿ ಪೆಟ್ಟಿಗೆಯ ಗಾತ್ರಕ್ಕೆ ಜಾಗವೇ ಇಲ್ಲ! ಅದೇ ದಪ್ಪದ ಪಟ್ಟಿಯಿಂದ ಕುಂಕುಮದ ಭರಣಿ ಮಾಡಿ, ತೇರಿನ ಗಾಲಿಗೆ ಸುತ್ತಿ, ದುಂಡಗಿರಲಿ, ಉದ್ದುದ್ದ ಇರಲಿ, ಒಳಗಿಗೂ ಹೊರಗಿಗೂ ಇರುವ ಅಂತರ ಅದೇ ಅರ್ಧ ಅಂಗುಲ. ಪೂರ್ತಿ ಒಂದು ಸುತ್ತು ತಿರುಗಿ ಹೊರಟಲ್ಲಿಗೇ ಬಂದು ಸೇರಿದ ಯಾವ ಪಟ್ಟಿಗೂ ಇದರಿಂದ ವಿನಾಯಿತಿ ಇಲ್ಲ. ಗಾಲಿಗೆ ಅದು ಲೆಕ್ಕಕ್ಕೇ ಬಾರದು. 36 ಸೆಂ.ಮೀ. ಸುತ್ತಳತೆಯ ನನ್ನ ಪೆಟ್ಟಿಗೆಗೆ ನೂರಕ್ಕೆ ಮೂರೂವರೆ ಪಾಲು. ಭರಣಿಗಂತೂ ದೊಡ್ಡ ಹೊರೆ. ದೊಡ್ಡ ತಿರುವಿಗೆ ಸಲೀಸಾಗಿ ಬಗ್ಗುವ ಮರ ಸಣ್ಣ ತಿರುವಿಗೆ ಯಾಕೆ ಹಟ ಮಾಡುತ್ತದೆ ಎಂಬುದು ಈ ಅರ್ಧ ಅಂಗುಲದಲ್ಲೇ ಇದೆ.

ನೆಟ್ಟಗಿರುವ ಪಟ್ಟಿಗೆ ಎರಡೂ ಮೈ ಒಂದೇ ಉದ್ದ. ಹಾಗಾದರೆ ಬಾಗಿದಾಗ ಈ ಅರ್ಧ ಅಂಗುಲ ಹುಟ್ಟುವುದು ಎಲ್ಲಿಂದ? ಹೊರಮೈ ಹಿಗ್ಗಬೇಕು, ಇಲ್ಲವೇ ಒಳಮೈ ಕುಗ್ಗಬೇಕು. ಒಣಮರ ಎರಡಕ್ಕೂ ಒಪ್ಪದೆ ಹೊರಮೈಯಲ್ಲಿ ಸಿಗಿದೇಳುತ್ತದೆ. ಚನ್ನಪಟ್ಟಣದ ಬೊಂಬೆ ಮಾಡುವವರಿಗೆ ಈ ತಕರಾರೇ ಇಲ್ಲ. ಹಾಲೆ ಮರದ ತುಂಡನ್ನು ತಿರುಗಿಸುತ್ತ ಕಡೆದು, ಅದೇ ತಿರುಗಾಟದ ಬಿಸಿಯಲ್ಲಿ ಅರಗನ್ನು ಕರಗಿಸಿ ಬಣ್ಣ ಹತ್ತಿಸುತ್ತಾರೆ. ಅಲ್ಲಿ ದುಂಡು ಬರುವುದು ಬೇಡದ ಮರ ಹೋದ ಮೇಲೆ. ನನಗೆ ಬೇಕಾದದ್ದು ಒಂದು ಎಳೆಯೂ ತುಂಡಾಗದೆ, ಇದ್ದ ಮರವೇ ಪೂರ್ತಿಯಾಗಿ ತಿರುಗಿ ಬರುವ ಗೋಡೆ.

ಅದಕ್ಕೆ ಬೇಕಾದದ್ದು ಬರೀ ನೀರು ಮತ್ತು ಬಿಸಿ. ಮರದ ಎಳೆಗಳನ್ನು ಒಂದಕ್ಕೊಂದು ಬೆಸೆದು ಹಿಡಿಯುವ ಲಿಗ್ನಿನ್ ಎಂಬ ವಸ್ತು ಇದೆ. ಮರ ಆಕಾಶಕ್ಕೆ ನೆಟ್ಟಗೆ ನಿಲ್ಲುವುದು ಅದರ ಗಟ್ಟಿತನದಿಂದ. ತೇವದ ಜೊತೆ ನೂರು ಡಿಗ್ರಿಯ ಹತ್ತಿರ ಬಿಸಿ ತಾಗಿದರೆ ಅದೇ ವಸ್ತು ಮೆತ್ತಗಾಗಿ, ಎಳೆಗಳಿಗೆ ಪಕ್ಕದ ಎಳೆಯ ಮೇಲೆ ಜಾರಲು ಬಿಡುತ್ತದೆ. ತಣಿದರೆ ಮತ್ತೆ ಗಟ್ಟಿ. ಆದರೆ ಹೀಗೆ ಮೆತ್ತಗಾದ ಮರವೂ ಉದ್ದಕ್ಕೆ ಹಿಗ್ಗುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಕುಗ್ಗುವುದಾದರೆ ಇಪ್ಪತ್ತೈದು, ಮೂವತ್ತು ಪಾಲಿನವರೆಗೂ ಕುಗ್ಗಬಲ್ಲದು. ಮಿಖಾಯೆಲ್ ಟೋನೆಟ್ ಎಂಬ ಜರ್ಮನ್ ಬಡಗಿ ಹಿಡಿದದ್ದು ಇದೇ ಗುಟ್ಟನ್ನು. ಬೀಚ್ ಮರದ ಕೋಲಿನ ಹೊರಮೈಗೆ ಲೋಹದ ಪಟ್ಟಿ ಬಿಗಿದು, ಅದು ಹಿಗ್ಗದಂತೆ ತಡೆದು, ಭಾರವನ್ನೆಲ್ಲ ಒಳಮೈಗೆ ಹೊರಿಸಿದ. 1859ರಲ್ಲಿ ಬಂದ ಅವನ 14ನೇ ನಂಬರಿನ ಕುರ್ಚಿ ಲೋಕದ ಹೋಟೆಲುಗಳನ್ನೆಲ್ಲ ತುಂಬಿತು.

ಹಬೆಪೆಟ್ಟಿಗೆಯಿಂದ ಎಳೆದ ಪಟ್ಟಿಯನ್ನು ಅಚ್ಚಿಗೆ ಸುತ್ತಲು ಸಿಗುವುದು ಅರೆನಿಮಿಷ. ದಪ್ಪ ಕೈಗವಸಿನೊಳಗಿಂದಲೂ ಬಿಸಿ ಬೆರಳಿಗೆ ತಾಗುತ್ತಿರುತ್ತದೆ. ತುದಿಯನ್ನು ಅಚ್ಚಿಗೊತ್ತಿ ಒಂದೇ ಹದದಲ್ಲಿ, ನಡುವೆ ನಿಲ್ಲಿಸದೆ ಸುತ್ತಬೇಕು. ಸುತ್ತುವಾಗ ಮರ ಕೈಗೆ ಎದುರು ನಿಂತರೂ ಮುನಿಯುವುದಿಲ್ಲ, ಒಂದಿಷ್ಟು ತಡೆದು ಆಮೇಲೆ ಒಪ್ಪಿಕೊಳ್ಳುತ್ತದೆ. ಪ್ರತಿ ಸಲವೂ ನನಗೆ ಎದೆ ಝಲ್ಲೆನ್ನುವುದು ಆ ಒಪ್ಪಿಗೆ ಬರುವ ಗಳಿಗೆಯಲ್ಲಿ. ಹೊರಮೈ ನುಣುಪಾಗಿ ತಿರುಗಿರುತ್ತದೆ, ನೋಡಿದವರು ಅದನ್ನೇ ಹೊಗಳುತ್ತಾರೆ. ಕೆಲಸವೆಲ್ಲ ನಡೆದಿರುವುದು ಒಳಮೈಯಲ್ಲಿ. ಅಲ್ಲಿನ ಕೋಶಗಳ ಗೋಡೆಗಳು ಕಣ್ಣಿಗೆ ಕಾಣದಷ್ಟು ಸಣ್ಣಗೆ, ಸೀರೆಯ ನಿರಿಗೆಯ ಹಾಗೆ ಮಡಚಿ ಕೂತಿರುತ್ತವೆ. ಅರ್ಧ ಅಂಗುಲ ಎಲ್ಲಿಗೂ ಹೋಗಿಲ್ಲ, ಆ ನಿರಿಗೆಯೊಳಗಿದೆ.

ಇಂಥ ಪೆಟ್ಟಿಗೆಯ ವಿದ್ಯೆಯನ್ನು ತುತ್ತತುದಿಗೆ ಒಯ್ದವರು ಅಮೆರಿಕದ ಶೇಕರ್ ಪಂಥದವರು. ಅವರು ಒಡವೆಯನ್ನೇ ತೊಡದ ಜನ. ಗಿಡಮೂಲಿಕೆ, ಬೀಜ, ದಾರ, ಗುಂಡಿ ಇಡಲು ಮೇಪಲ್ ಮರದ ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಬಾಗಿಸುತ್ತಿದ್ದರು. ಪಟ್ಟಿಯ ತುದಿಯನ್ನು ಬೆರಳುಗಳ ಹಾಗೆ ಸೀಳಿ, ಇನ್ನೊಂದು ತುದಿಯ ಮೇಲೆ ಕೂರಿಸಿ, ತುಕ್ಕು ಹಿಡಿಯದ ತಾಮ್ರದ ಪುಟ್ಟ ಮೊಳೆ ಹೊಡೆಯುತ್ತಿದ್ದರು. ಅಗಲಕ್ಕೆ ಉಬ್ಬಿ ಕುಗ್ಗುವ ಮರಕ್ಕೆ ಆ ಬೆರಳುಗಳ ನಡುವೆ ಜಾಗ ಸಿಕ್ಕಿ ತುದಿ ಬಿರಿಯುವುದಿಲ್ಲ. ಅಲಂಕಾರ ಬೇಡವೆಂದವರ ಕೈಯಲ್ಲಿ ಇಷ್ಟು ಚೆಂದದ ವಸ್ತು ಬಂತಲ್ಲ ಎಂದು ಮೊದಲು ಅಚ್ಚರಿಪಟ್ಟಿದ್ದೆ. ಮರಕ್ಕೆ ಬೇಕಾದದ್ದನ್ನೇ ಕೊಡುತ್ತ ಹೋದವರಿಗೆ ಚೆಂದ ಬಾರದೆ ಇನ್ನೇನು ಬಂದೀತು ಎಂದು ಈಗ ಅನ್ನಿಸುತ್ತದೆ.

ಮುಚ್ಚಳಕ್ಕೆ ಬೇರೆ ಅಚ್ಚು ಬೇಡ. ಅದರ ಪಟ್ಟಿಯನ್ನು ಪೆಟ್ಟಿಗೆಗೇ ಸುತ್ತಿ ಅಳತೆ ಹಿಡಿಯುವುದು. ಹಾಗೆ ಕೂತ ಮುಚ್ಚಳ ಮಳೆಗಾಲದಲ್ಲೂ ಬಿಗಿಯುವುದಿಲ್ಲ. ಆಷಾಢದ ಜಡಿಮಳೆಗೆ ನಮ್ಮ ಮನೆಯ ಅಟ್ಟದ ಬಾಗಿಲು ಉಬ್ಬಿ ಭುಜ ಕೊಟ್ಟು ತಳ್ಳಬೇಕಾಗುತ್ತದೆ. ಅದು ಅಗಲದ ಕತೆ. ಉದ್ದಕ್ಕೆ ಮರ ಹಸಿಯಿಂದ ಪೂರ್ತಿ ಒಣಗಿದರೂ ಕುಗ್ಗುವುದು ಸಾವಿರಕ್ಕೆ ಒಂದೆರಡು ಪಾಲು. ಬಾಗಿದ ಪೆಟ್ಟಿಗೆಯ ಸುತ್ತಳತೆಯೆಲ್ಲ ಮರದ ಉದ್ದವೇ ಆದ್ದರಿಂದ ಗೋಡೆಗೂ ಮುಚ್ಚಳಕ್ಕೂ ಮಳೆ ಬಿಸಿಲಿನ ಹಂಗಿಲ್ಲ. ತಳದ ಹಲಗೆ ಮಾತ್ರ ಅಗಲಕ್ಕೆ ತುಸು ಮಿಸುಕೀತು, ಅದಕ್ಕೆ ಕಡಿಮೆ ಉಬ್ಬುವ ಮರ ಹುಡುಕಬೇಕು. ಇದನ್ನು ಕೇಳಿದ ಅಕ್ಕನ ಮಗಳು, "ಹಾಗಾದ್ರೆ ಮಾಮ, ಅಟ್ಟದ ಬಾಗಿಲನ್ನೂ ದುಂಡಗೆ ಮಾಡಬಹುದಿತ್ತಲ್ಲ?" ಎಂದಳು. ನಾನು ಪೆನ್ಸಿಲ್ ತೆಗೆದುಕೊಂಡೆ.